ಕಾರ್ಖಾನೆ ಮುಚ್ಚಿದ ಮೇಲೂ ಬದುಕಿದ ಪಿಸ್ತೂಲು

2011ರ ಅಕ್ಟೋಬರ್ 20. ಲಿಬಿಯಾದ ಸಿರ್ತ್ ನಗರ. ನಾಲ್ಕು ದಶಕ ಆ ದೇಶವನ್ನು ಆಳಿದ ಮುಅಮ್ಮರ್ ಗಡಾಫಿ ಬಂಡುಕೋರರ ಕೈಗೆ ಸಿಕ್ಕಿ ಸತ್ತ ದಿನ. ಆ ದಿನದ ಒಂದು ದೃಶ್ಯ ನಿಮಗೂ ನೆನಪಿರಬಹುದು. ತಲೆಗೆ ಟೋಪಿ ಹಾಕಿಕೊಂಡ ಒಬ್ಬ ಹುಡುಗ, ಸುತ್ತ ಕೇಕೆ ಹಾಕುವ ಜನ, ಅವನ ಕೈಯಲ್ಲಿ ಫಳಫಳ ಹೊಳೆಯೋ ಚಿನ್ನದ ಪಿಸ್ತೂಲು. ಜಗತ್ತಿನ ಎಲ್ಲಾ ಚಾನೆಲ್‌ಗಳೂ ಅದನ್ನು ತೋರಿಸಿದ್ದೇ ತೋರಿಸಿದ್ದು.

ಎಲ್ಲರೂ ಚಿನ್ನ ನೋಡಿದರು. ಚಿನ್ನದ ಕೆಳಗೆ ಏನಿತ್ತು ಅಂತ ಕೇಳಿದವರು ಕಡಿಮೆ.

ಕೆಳಗಿದ್ದದ್ದು ಉಕ್ಕು. ಆ ಪಿಸ್ತೂಲಿನ ಹೆಸರು ಬ್ರೌನಿಂಗ್ ಹೈ-ಪವರ್. ಇನ್ನೊಂದು ವಿಷಯ ಹೇಳಿದರೆ ನಿಮಗೆ ಆಶ್ಚರ್ಯ ಆಗುತ್ತೆ. ನಮ್ಮ ಭಾರತೀಯ ಸೇನೆಯ ಅಧಿಕಾರಿಗಳು ಸೊಂಟಕ್ಕೆ ಸಿಕ್ಕಿಸಿಕೊಳ್ಳುವ 9 ಎಂಎಂ ಪಿಸ್ತೂಲು ಇದ್ಯಲ್ಲ, ಅದೂ ಇದೇ ಕುಲದ್ದು! ಒಂದಕ್ಕೆ ಚಿನ್ನದ ಲೇಪ, ಇನ್ನೊಂದಕ್ಕೆ ಮಾಸಿದ ಕಪ್ಪು ಬಣ್ಣ. ಅಷ್ಟೇ ವ್ಯತ್ಯಾಸ.

ಐವತ್ತಕ್ಕೂ ಹೆಚ್ಚು ದೇಶಗಳ ಸೈನ್ಯ ಬಳಸಿದ ಪಿಸ್ತೂಲು ಇದು. 2018ರ ಹೊತ್ತಿಗೆ ಬೆಲ್ಜಿಯಂನ ಮೂಲ ಕಂಪನಿ ಇದರ ತಯಾರಿಕೆಯನ್ನೇ ನಿಲ್ಲಿಸಿಬಿಟ್ಟಿತು. ಎಂಬತ್ತು ವರ್ಷ ದಾಟಿದ ಕಥೆ ಮುಗೀತು ಅಂದುಕೊಂಡರು ಎಲ್ಲರೂ. ಮೂರೇ ವರ್ಷ. 2021ರಲ್ಲಿ ಅದು ಎದ್ದು ಕೂತಿತು!

ಹೇಗೆ? ಯಾರು ಎಬ್ಬಿಸಿದರು? ಎದ್ದು ಬಂದದ್ದು ನಿಜವಾಗಿ ಅದೇನಾ, ಅಥವಾ ಅದರ ಹೆಸರಿಟ್ಟುಕೊಂಡ ಬೇರೆ ಯಾವುದೋ? ಈ ಪ್ರಶ್ನೆಗೆ ಉತ್ತರ ಹುಡುಕೋದಕ್ಕೆ ನಾವು ನೂರು ವರ್ಷ ಹಿಂದಕ್ಕೆ ಹೋಗಬೇಕು.

ಮೊದಲನೇ ಮಹಾಯುದ್ಧ ಮುಗಿದಿತ್ತು. ಫ್ರಾನ್ಸ್ ಸೈನ್ಯಕ್ಕೆ ಹೊಸ ಪಿಸ್ತೂಲು ಬೇಕಿತ್ತು, ಹೆಚ್ಚು ಗುಂಡು ಹಿಡಿಸುವಂಥದ್ದು. ಬೆಲ್ಜಿಯಂನ ಲೀಜ್ ಪಕ್ಕದ ಹೆರ್ಸ್ಟಾಲ್ ಊರಲ್ಲಿ ಎಫ್‌ಎನ್ ಅನ್ನೋ ಕಂಪನಿ. ಆ ಕಂಪನಿಗೆ ವಿನ್ಯಾಸ ಮಾಡಿಕೊಡುತ್ತಿದ್ದವರು ಅಮೆರಿಕದ ಜಾನ್ ಮೋಸೆಸ್ ಬ್ರೌನಿಂಗ್. 1855ರಲ್ಲಿ ಯೂಟಾದ ಆಗ್ಡೆನ್‌ನಲ್ಲಿ ಹುಟ್ಟಿದವರು, ಅಪ್ಪನ ಬಂದೂಕು ರಿಪೇರಿ ಅಂಗಡಿಯಲ್ಲೇ ಕೆಲಸ ಕಲಿತವರು. ಎಂಜಿನಿಯರಿಂಗ್ ಡಿಗ್ರಿ ಇರಲಿಲ್ಲ. ಆದರೆ ಇಪ್ಪತ್ತನೇ ಶತಮಾನದ ಅರ್ಧಕ್ಕರ್ಧ ಬಂದೂಕುಗಳಲ್ಲಿ ಅವರ ಬೆರಳಚ್ಚು ಇದೆ ಅಂದರೆ ಉತ್ಪ್ರೇಕ್ಷೆ ಅಲ್ಲ.

1926ರ ನವೆಂಬರ್ 26ರಂದು ಬ್ರೌನಿಂಗ್ ತೀರಿಕೊಂಡರು. ಎಲ್ಲಿ ಗೊತ್ತಾ? ಆಸ್ಪತ್ರೆಯಲ್ಲಲ್ಲ, ಮನೆಯಲ್ಲಲ್ಲ. ಲೀಜ್‌ನ ಅದೇ ಕಾರ್ಖಾನೆಯಲ್ಲಿ, ಕೆಲಸದ ಮಧ್ಯೆ, ಹೃದಯಾಘಾತದಿಂದ. ಪಿಸ್ತೂಲಿನ ವಿನ್ಯಾಸ ಅರ್ಧಕ್ಕೇ ನಿಂತಿತು.

ಆ ಅರ್ಧ ಕೆಲಸವನ್ನು ಕೈಗೆತ್ತಿಕೊಂಡವರು ಎಫ್‌ಎನ್‌ನ ದ್ಯೂಡೊನೆ ಸೈವ್. ಬ್ರೌನಿಂಗ್ ಅವರೇ ಹಿಂದೆ ರೂಪಿಸಿದ್ದ ಕೋಲ್ಟ್ 1911 ಪಿಸ್ತೂಲಿನ ಪೇಟೆಂಟ್‌ಗಳು 1928ರಲ್ಲಿ ಮುಗಿದವು. ಅಲ್ಲಿಯ ಒಳ್ಳೊಳ್ಳೆ ಅಂಶಗಳನ್ನು ಸೈವ್ ಇಲ್ಲಿಗೆ ತಂದು ಕೂರಿಸಿದರು. ಗುಂಡುಗಳನ್ನು ಒಂದೇ ಸಾಲಿನಲ್ಲಿ ಇಡುವ ಬದಲು ಎರಡು ಸಾಲಿನಲ್ಲಿ, ಒಂದರ ಸಂದಿಗೆ ಇನ್ನೊಂದು ಬರುವ ಹಾಗೆ ಜೋಡಿಸುವ ಮ್ಯಾಗಜಿನ್ ಮಾಡಿದರು. ಕೋಲ್ಟ್‌ನಲ್ಲಿ 7 ಗುಂಡು, ಜರ್ಮನಿಯ ಲೂಗರ್‌ನಲ್ಲಿ 8. ಇದರಲ್ಲಿ 13! ಅದಕ್ಕೇ 'ಹೈ-ಪವರ್' ಅನ್ನೋ ಹೆಸರು. 1935ರಲ್ಲಿ ಬೆಲ್ಜಿಯಂ ಸೈನ್ಯ ಅದನ್ನು ಒಪ್ಪಿಕೊಂಡಿತು.

ನೋಡಿ, ಈ ಪಿಸ್ತೂಲು ಹುಟ್ಟಿದ್ದೇ ಹೀಗೆ. ಒಬ್ಬ ಸತ್ತ ಮೇಲೆ ಇನ್ನೊಬ್ಬ ಡ್ರಾಯಿಂಗ್ ಬೋರ್ಡ್ ಮುಂದೆ ಕೂತು ಮುಂದುವರಿಸಿದ್ದರಿಂದ.

ಐದೇ ವರ್ಷಕ್ಕೆ ಮತ್ತೊಂದು ಗಂಡಾಂತರ. 1940ರ ಮೇ ತಿಂಗಳಲ್ಲಿ ಹಿಟ್ಲರ್ ಸೈನ್ಯ ಬೆಲ್ಜಿಯಂಗೆ ನುಗ್ಗಿತು. ಕಾರ್ಖಾನೆ ಜರ್ಮನ್ನರ ವಶ. ಅವರು ಅದೇ ಯಂತ್ರಗಳಲ್ಲಿ ಅದೇ ಪಿಸ್ತೂಲನ್ನು ಮೂರು ಲಕ್ಷಕ್ಕೂ ಹೆಚ್ಚು ಮಾಡಿಸಿಕೊಂಡರು. ಸೈವ್ ಮತ್ತು ಕೆಲವು ಸಹೋದ್ಯೋಗಿಗಳು ತಪ್ಪಿಸಿಕೊಂಡು ಇಂಗ್ಲೆಂಡ್ ಸೇರಿದರು. ಕಾರ್ಖಾನೆ ಹೋಯ್ತು, ಆದರೆ ಕಾರ್ಖಾನೆಯ ಅರಿವು ಅವರ ತಲೆಯಲ್ಲಿತ್ತು.

ಚೀನಾದ ಚಿಯಾಂಗ್ ಕೈ-ಶೇಕ್ ಸರ್ಕಾರಕ್ಕೆ ಈ ಪಿಸ್ತೂಲು ಬೇಕಿತ್ತು. ಮಾಡಿಕೊಡೋದಕ್ಕೆ ಮುಂದೆ ಬಂದದ್ದು ಕೆನಡಾದ ಟೊರೊಂಟೊದಲ್ಲಿದ್ದ ಜಾನ್ ಇಂಗ್ಲಿಸ್ ಕಂಪನಿ. 1944ರಲ್ಲಿ ತಯಾರಿಕೆ ಶುರುವಾಯ್ತು, 1945ರಲ್ಲಿ ಯುದ್ಧ ಮುಗಿಯುತ್ತಿದ್ದ ಹಾಗೆ ನಿಂತಿತು. ಅಷ್ಟರಲ್ಲಿ ಆದದ್ದು ಸುಮಾರು ಒಂದೂವರೆ ಲಕ್ಷ. ಹಾಗಾಗಿ ಎರಡನೇ ಮಹಾಯುದ್ಧದಲ್ಲಿ ಎರಡೂ ಕಡೆಯವರ ಕೈಯಲ್ಲಿ ಇದೇ ಪಿಸ್ತೂಲು ಇತ್ತು.

ಯುದ್ಧದ ನಂತರ ಆ ಇಂಗ್ಲಿಸ್ ಕಂಪನಿ ಏನು ಮಾಡಿತು? ಬಟ್ಟೆ ಒಗೆಯೋ ಮಷೀನ್ ಮಾಡೋಕೆ ಶುರು ಮಾಡಿತು. ತಮಾಷೆ ಅಲ್ಲ, ನಿಜ. ಪಿಸ್ತೂಲಿನ ಸಾಲು ಮುಚ್ಚಿತು. ಆದರೆ ಕೆನಡಾ ಸೈನ್ಯದ ಕೈಯಲ್ಲಿ ಆ ಪಿಸ್ತೂಲುಗಳು ಉಳಿದವು. ಈ ಮಾತು ನೆನಪಿಟ್ಟುಕೊಳ್ಳಿ, ಆಮೇಲೆ ಇದಕ್ಕೆ ವಾಪಸ್ ಬರ್ತೀನಿ.

ಸರಿ, ಇಷ್ಟು ಜನಪ್ರಿಯ ಪಿಸ್ತೂಲು ನಿಂತದ್ದು ಯಾಕೆ?

ಕಾರಣ ಪ್ಲಾಸ್ಟಿಕ್. 1982ರಲ್ಲಿ ಆಸ್ಟ್ರಿಯಾದ ಸೈನ್ಯ ಗ್ಲಾಕ್ 17 ಅನ್ನೋ ಪಿಸ್ತೂಲನ್ನು ಆರಿಸಿಕೊಂಡಿತು. ಅದರ ಫ್ರೇಮ್, ಅಂದ್ರೆ ಹಿಡಿಯೂ ಸೇರಿದ ಕೆಳಭಾಗ, ಪಾಲಿಮರ್‌ನದ್ದು. ಅಚ್ಚಿಗೆ ಹೊಯ್ದು ತೆಗೆದರೆ ಮುಗೀತು. ಹೈ-ಪವರ್ ಹಾಗಲ್ಲ. ಕಾದ ಉಕ್ಕನ್ನು ಬಡಿದು ಆಕಾರಕ್ಕೆ ತರಬೇಕು, ಆಮೇಲೆ ಮಿಲ್ಲಿಂಗ್ ಮಷೀನ್‌ನಲ್ಲಿ ಒಂದಾದ ಮೇಲೊಂದು ಕಡೆ ಕೊರೆಯಬೇಕು, ಪ್ರತಿ ಹಂತದಲ್ಲೂ ಅಳತೆ ನೋಡಬೇಕು. ಹೈ-ಪವರ್ ತೂಕ ಸುಮಾರು 900 ಗ್ರಾಂ, ಗ್ಲಾಕ್ 600 ಗ್ರಾಂ ಚಿಲ್ಲರೆ. ಅದರಲ್ಲಿ 13 ಗುಂಡು, ಇದರಲ್ಲಿ 17. ಸೈನ್ಯದ ಲೆಕ್ಕಪತ್ರದವರು ಯಾವುದನ್ನು ಆರಿಸ್ತಾರೆ, ನೀವೇ ಹೇಳಿ. 2013ರಲ್ಲಿ ಬ್ರಿಟನ್ ಸೈನ್ಯವೂ ಹೈ-ಪವರ್ ಬಿಟ್ಟು ಗ್ಲಾಕ್‌ಗೆ ಹೋಯಿತು. ಗಿರಾಕಿಗಳೇ ಹೋದ ಮೇಲೆ ಅಂಗಡಿ ಯಾಕೆ ತೆಗೆದಿಟ್ಟುಕೊಳ್ಳಬೇಕು? ಎಫ್‌ಎನ್ ಬಾಗಿಲು ಹಾಕಿತು.

ಬಾಗಿಲು ಹಾಕಿದ್ದು ತಯಾರಿಕೆಗೆ. ಆದರೆ ಜಗತ್ತಿನಲ್ಲಿ ಆಗಲೇ ಲಕ್ಷಾಂತರ ಹೈ-ಪವರ್‌ಗಳಿದ್ದವು. ಅವುಗಳ ಗತಿ ಏನು?

ಇಲ್ಲೇ ನನ್ನ ಎಂಜಿನಿಯರಿಂಗ್ ಮೊದಲ ವರ್ಷದ ವರ್ಕ್‌ಶಾಪ್ ನೆನಪಾಗುತ್ತೆ. ಎರಡು ಕಬ್ಬಿಣದ ಪಟ್ಟಿ ಕೊಡ್ತಿದ್ರು. ಒಂದರಲ್ಲಿ 'ವಿ' ಆಕಾರದ ಹಳ್ಳ ಕೊರೀಬೇಕು, ಇನ್ನೊಂದರಲ್ಲಿ ಅದಕ್ಕೆ ಕೂರುವಂತೆ 'ವಿ' ಆಕಾರದ ಮೂತಿ ಮಾಡಬೇಕು. ಗರಗಸ, ಅರ, ಬೆವರು. ಎರಡೂ ಸೇರಿಸಿ ಟ್ಯೂಬ್‌ಲೈಟ್ ಎದುರು ಹಿಡಿದಾಗ ಸಂದಿಯಿಂದ ಬೆಳಕು ಕಂಡರೆ ಮಾರ್ಕ್ಸ್ ಕಟ್. ನಾನು ಮೂರು ವಾರ ಅರ ಉಜ್ಜಿ ಬೆಳಕು ಕಾಣದ ಹಾಗೆ ಕೂರಿಸಿದೆ. ಹೆಮ್ಮೆಯೋ ಹೆಮ್ಮೆ. ಮೇಷ್ಟ್ರು ಬಂದವರು ನನ್ನ ಮೂತಿಯನ್ನು ತೆಗೆದು ಪಕ್ಕದ ಹುಡುಗನ ಹಳ್ಳಕ್ಕೆ ಇಟ್ಟರು. ಕೂರಲೇ ಇಲ್ಲ! ಅವನದ್ದು ನನ್ನದಕ್ಕೆ ಇಟ್ಟರು, ಅದೂ ಕೂರಲಿಲ್ಲ. ಇಬ್ಬರದ್ದೂ ಸರಿಯಾಗೇ ಇತ್ತು. ಆದರೆ ಒಂದಕ್ಕೊಂದು ಆಗಲಿಲ್ಲ.

ಆವತ್ತು ಅರ್ಥವಾಗದೇ ಇದ್ದದ್ದು ಈಗ ಅರ್ಥ ಆಗುತ್ತೆ. ಬಿಡಿಭಾಗ ಅಂದ್ರೆ ಇದೇ. ಚೆನ್ನಾಗಿರೋದು ಮುಖ್ಯ ಅಲ್ಲ, ಇನ್ನೊಂದಕ್ಕೆ ಕೂರೋದು ಮುಖ್ಯ.

ಪಿಸ್ತೂಲಿನ ಫ್ರೇಮ್, ಸ್ಲೈಡ್ ತರಹದ ದೊಡ್ಡ ಉಕ್ಕಿನ ಭಾಗಗಳು ತಲೆಮಾರುಗಟ್ಟಲೆ ಬಾಳ್ತವೆ. ಮೊದಲು ಸೋಲೋದು ಚಿಕ್ಕವು. ಸ್ಪ್ರಿಂಗ್ ಬಲ ಕಳೆದುಕೊಳ್ಳುತ್ತೆ. ಖಾಲಿ ಕಾಡತೂಸನ್ನು ಎಳೆದು ಹಾಕುವ ಕೊಕ್ಕೆಯ ಮೂತಿ ಸವೆಯುತ್ತೆ. ಮ್ಯಾಗಜಿನ್ ತುಟಿ ಬಗ್ಗುತ್ತೆ. ಬೆರಳುದ್ದದ ಒಂದು ತುಂಡು ಇಲ್ಲದೆ ಇಡೀ ಪಿಸ್ತೂಲು ಬರೀ ಉಕ್ಕಿನ ಮುದ್ದೆ ಆಗಿಬಿಡುತ್ತೆ.

ಹಾಗಾದ್ರೆ ಆ ತುಂಡನ್ನು ಎಲ್ಲಿ ಹುಡುಕೋದು? ಹೈ-ಪವರ್ ವಿಷಯದಲ್ಲಿ ಅದೃಷ್ಟ ಒಂದಿತ್ತು. ಅದಕ್ಕೆ ದೇಶದೇಶಗಳಲ್ಲಿ ದಾಯಾದಿಗಳಿದ್ದರು. ಅರ್ಜೆಂಟೀನಾ ಸರ್ಕಾರದ ಕಾರ್ಖಾನೆ ಲೈಸೆನ್ಸ್ ಪಡೆದು ರೊಸಾರಿಯೊದಲ್ಲಿ ಮಾಡಿತು. 1982ರ ಫಾಕ್‌ಲ್ಯಾಂಡ್ ಯುದ್ಧದಲ್ಲಿ ಅರ್ಜೆಂಟೀನಾದವರ ಕೈಯಲ್ಲೂ, ಬ್ರಿಟಿಷರ ಕೈಯಲ್ಲೂ ಇದೇ ಪಿಸ್ತೂಲು. ಹಂಗೇರಿಯ ಎಫ್‌ಇಜಿ ಕಂಪನಿ ಇದರ ನಕಲು ತೆಗೆಯಿತು. ಇಸ್ರೇಲ್ ಪೊಲೀಸರು ಬಳಸಿ ಬಿಟ್ಟ ಹಳೇ ಹೈ-ಪವರ್‌ಗಳು ಅಮೆರಿಕದ ಮಾರುಕಟ್ಟೆಗೆ ಬಂದವು. ಕೆಲವರಿಗೆ ಅವು ಪಿಸ್ತೂಲುಗಳು, ಇನ್ನು ಕೆಲವರಿಗೆ ಬಿಡಿಭಾಗದ ಗಣಿ. ಇಟಲಿಯ ಮೆಕ್-ಗಾರ್ ಕಂಪನಿ ಮ್ಯಾಗಜಿನ್ ಮಾಡೋದನ್ನು ನಿಲ್ಲಿಸಲೇ ಇಲ್ಲ.

ಆದರೆ ದಾಯಾದಿ ಅಂದ ಮೇಲೆ ಎಲ್ಲವೂ ಹೊಂದುತ್ತಾ? ಇಲ್ಲ. ದಾಯಾದಿಗಳ ಮಾತು ಬಿಡಿ, ಒಂದೇ ಕಾರ್ಖಾನೆಯ ಪಿಸ್ತೂಲುಗಳಲ್ಲೇ ವ್ಯತ್ಯಾಸ. 1962ಕ್ಕಿಂತ ಮೊದಲು ಆ ಎಳೆಯುವ ಕೊಕ್ಕೆ ಸ್ಲೈಡ್‌ನ ಒಳಗಿತ್ತು, ಆಮೇಲೆ ಹೊರಗೆ ಬಂತು. ಅಲ್ಲಿಗೆ ಹಳೆಯದರ ಕೊಕ್ಕೆ ಹೊಸದಕ್ಕಿಲ್ಲ, ಹೊಸದರದ್ದು ಹಳೆಯದಕ್ಕಿಲ್ಲ. 1990ರ ದಶಕದಲ್ಲಿ ಹೆಚ್ಚು ಬಲದ ಇನ್ನೊಂದು ಗುಂಡನ್ನು ತಡೆಯಲಿ ಅಂತ ಬಡಿದು ಮಾಡುವ ಫ್ರೇಮ್ ಬದಲು ಎರಕದ ಫ್ರೇಮ್ ತಂದರು. ಹೊರಗಿನಿಂದ ನೋಡಿದವರಿಗೆ ಎಲ್ಲಾ ಒಂದೇ. ಕೈ ಹಾಕಿದವರಿಗೆ ಮಾತ್ರ ಗೊತ್ತು. ಹಾಗಾಗಿ ಹಳೇ ಪಿಸ್ತೂಲಿಗೆ ಜೀವ ಕೊಡೋ ಕೆಲಸ ಶುರುವಾಗೋದು ಸ್ಕ್ರೂಡ್ರೈವರ್‌ನಿಂದ ಅಲ್ಲ, ಇತಿಹಾಸದಿಂದ. ಇದು ಯಾವ ವರ್ಷದ್ದು, ಯಾವ ಊರಿನದ್ದು ಅಂತ ಗೊತ್ತಾದ ಮೇಲೇ ಮುಂದಿನ ಮಾತು.

ಬಿಡಿಭಾಗ ಸಿಗದಿದ್ದರೆ ಏನಾಗುತ್ತೆ ಅನ್ನೋದಕ್ಕೆ ಇನ್ನೊಂದು ಪಿಸ್ತೂಲಿನ ಕಥೆ ಚಿಕ್ಕದಾಗಿ ಹೇಳಿಬಿಡ್ತೀನಿ. ಅದರ ಹೆಸರು ಬ್ರೆನ್ ಟೆನ್. 1983ರಲ್ಲಿ ಕ್ಯಾಲಿಫೋರ್ನಿಯಾದ ಡಾರ್ನಾಸ್ ಅಂಡ್ ಡಿಕ್ಸನ್ ಅನ್ನೋ ಸಣ್ಣ ಕಂಪನಿ ತಂದದ್ದು. 10 ಎಂಎಂನ ಹೊಚ್ಚ ಹೊಸ ಗುಂಡು. 'ಮಯಾಮಿ ವೈಸ್' ಟಿವಿ ಧಾರಾವಾಹಿಯ ನಾಯಕನ ಕೈಯಲ್ಲೂ ಅದೇ. ಇಡೀ ಅಮೆರಿಕ ಅದಕ್ಕಾಗಿ ಸಾಲುಗಟ್ಟಿತು. ಆದರೆ ಮ್ಯಾಗಜಿನ್‌ಗಳು ಸಮಯಕ್ಕೆ ಬರಲೇ ಇಲ್ಲ! ದುಡ್ಡು ಕೊಟ್ಟವರಿಗೆ ಮ್ಯಾಗಜಿನ್ ಇಲ್ಲದ ಪಿಸ್ತೂಲು ತಲುಪಿತು. 'ಹೆಸರು ಕ್ಷೀರಸಾಗರ ಭಟ್ಟ, ಮನೆಯಲ್ಲಿ ಮಜ್ಜಿಗೆಗೂ ಗತಿಯಿಲ್ಲ' ಅಂತಾರಲ್ಲ, ಹಾಗೆ. 1986ರಲ್ಲಿ ಕಂಪನಿ ದಿವಾಳಿ. ಹೊರಬಂದದ್ದು ಸುಮಾರು 1,500 ಪಿಸ್ತೂಲು ಮಾತ್ರ. ಬಹಳ ವರ್ಷ ಕಳೆದ ಮೇಲೆ ಇನ್ನೊಂದು ಕಂಪನಿ ಅದನ್ನು ಮತ್ತೆ ತರ್ತೀನಿ ಅಂತ ಹೊರಟಿತು, ಅದೂ ದಡ ಸೇರಲಿಲ್ಲ. ಬ್ರೆನ್ ಟೆನ್‌ಗೆ ದಾಯಾದಿಗಳಿರಲಿಲ್ಲ, ಭಾಗ ಕೊಡುವ ಸೈನ್ಯ ಇರಲಿಲ್ಲ, ಕಪಾಟಿನಲ್ಲಿ ಉಳಿದ ದಾಸ್ತಾನು ಇರಲಿಲ್ಲ. ಪಿಸ್ತೂಲನ್ನು ಕೊಂದದ್ದು ಕೆಟ್ಟ ವಿನ್ಯಾಸ ಒಂದೇ ಅಲ್ಲ, ತಗಡಿನ ಒಂದು ಡಬ್ಬಿ.

ಈಗ ಹೈ-ಪವರ್ ಮತ್ತೆ ಎದ್ದ ಕಥೆಗೆ ಬರೋಣ.

2021ರ ಅಕ್ಟೋಬರ್. ಅಮೆರಿಕದ ಇಲಿನಾಯ್ಸ್ ರಾಜ್ಯದ ಸ್ಪ್ರಿಂಗ್‌ಫೀಲ್ಡ್ ಆರ್ಮರಿ ಕಂಪನಿ ಎಸ್‌ಎ-35 ಅನ್ನೋ ಪಿಸ್ತೂಲು ಬಿಡುಗಡೆ ಮಾಡಿತು. ಹಳೇ ಹೈ-ಪವರ್‌ನ ದಾರಿಯಲ್ಲೇ, ಬಡಿದು ಮಾಡಿದ ಉಕ್ಕಿನದ್ದು. ಮ್ಯಾಗಜಿನ್ ತೆಗೆದಾಗ ಗುಂಡು ಹಾರದ ಹಾಗೆ ತಡೆಯುವ ಒಂದು ಭಾಗ ಹಳೆಯದರಲ್ಲಿತ್ತು. ಅದರಿಂದ ಟ್ರಿಗರ್ ಬಿಗಿ ಅಂತ ಬಳಸಿದವರ ದೂರು. ಅದನ್ನು ತೆಗೆದುಹಾಕಿದರು. ಆದರೆ ಒಂದು ಮುಖ್ಯ ವಿಷಯ ಉಳಿಸಿಕೊಂಡರು. ಹಳೇ ಹೈ-ಪವರ್‌ನ ಮ್ಯಾಗಜಿನ್ ಇದಕ್ಕೆ ಕೂರುತ್ತೆ! ಟರ್ಕಿಯ ಗಿರ್ಸಾನ್ ಕಂಪನಿಯೂ ಇಂಥದ್ದೇ ಒಂದನ್ನು ತಂದಿತು.

ಮೂರು ತಿಂಗಳು ಕಳೆಯಿತು. 2022ರ ಜನವರಿ. ಈಗ ಮೂಲ ಕಂಪನಿ ಎಫ್‌ಎನ್ ತಾನೇ ಎದ್ದು ಬಂತು. 'ಹೈ ಪವರ್' ಹೆಸರಿನಲ್ಲೇ ಹೊಸ ಪಿಸ್ತೂಲು ತಂದಿತು. 17 ಗುಂಡು ಹಿಡಿಯುತ್ತೆ, ಬಿಚ್ಚೋದು ಸುಲಭ, ಹಳೆಯದರ ಬಹಳಷ್ಟು ದೂರುಗಳಿಗೆ ಉತ್ತರ ಇದೆ. ಆದರೆ ಹಳೇ ಮ್ಯಾಗಜಿನ್ ಅದಕ್ಕೆ ಆಗಲ್ಲ. ಹಳೇ ಬಿಡಿಭಾಗವೂ ಆಗಲ್ಲ. ಅದರ ಭಾಗ ಹಳೆಯದಕ್ಕೂ ಆಗಲ್ಲ.

ಈಗ ಹೇಳಿ, ಇವುಗಳಲ್ಲಿ ನಿಜವಾದ ಹೈ-ಪವರ್ ಯಾವುದು?

ಒಂದರ ಹತ್ತಿರ ಹೆಸರಿದೆ, ವಂಶವಿದೆ, ಆದರೆ ನೆಂಟಸ್ತನ ಇಲ್ಲ. ಇನ್ನೊಂದರ ಹತ್ತಿರ ಹೆಸರಿಲ್ಲ, ವಂಶವಿಲ್ಲ, ಆದರೆ ಅಜ್ಜನ ಮ್ಯಾಗಜಿನ್ ಹಾಕಿದರೆ ಕೆಲಸ ಮಾಡುತ್ತೆ. ಎಫ್‌ಎನ್ ಮಾಡಿದ್ದು ತಪ್ಪು ಅಂತ ನಾನು ಹೇಳ್ತಿಲ್ಲ. ಹೊಸ ಪಿಸ್ತೂಲು ಒಳ್ಳೆಯದೇ ಇರಬಹುದು. ಆದರೆ ನಿಮ್ಮ ಹತ್ತಿರ 1970ರ ಒಂದು ಹೈ-ಪವರ್ ಇದ್ದು, ಅದರ ಮ್ಯಾಗಜಿನ್ ಹಾಳಾಗಿದ್ದರೆ, ಆ ಹೊಸ ಹೆಸರಿನಿಂದ ನಿಮಗೇನೂ ಉಪಯೋಗ ಇಲ್ಲ. ಕಂಪನಿ ಎಬ್ಬಿಸಿದ್ದು ಹೆಸರನ್ನು. ಯಂತ್ರವನ್ನು ಎಬ್ಬಿಸಿದ್ದು ಅಳತೆಯನ್ನು ಉಳಿಸಿಕೊಂಡವರು.

ಇದು ಬರೀ ಹವ್ಯಾಸಿಗಳ ಚರ್ಚೆ ಅಂದುಕೊಂಡರೆ ತಪ್ಪು. ಕೆನಡಾ ಕಥೆಗೆ ವಾಪಸ್ ಬರ್ತೀನಿ ಅಂದಿದ್ದೆನಲ್ಲ, ಬಂದೆ.

1945ರಲ್ಲಿ ಟೊರೊಂಟೊದ ಸಾಲು ಮುಚ್ಚಿತು. ಆದರೆ ಕೆನಡಾ ಸೈನಿಕರು ಆ ಪಿಸ್ತೂಲನ್ನು ಕೊರಿಯಾ ಯುದ್ಧಕ್ಕೂ ಹಿಡಿದುಕೊಂಡು ಹೋದರು, ಅಫ್ಘಾನಿಸ್ತಾನಕ್ಕೂ ಹಿಡಿದುಕೊಂಡು ಹೋದರು! ಅಜ್ಜ ಹಿಡಿದಿದ್ದನ್ನೇ ಮೊಮ್ಮಗ ಹಿಡಿದ. ತಯಾರಿಸಿದ ಕಂಪನಿ ಯಾವತ್ತೋ ಬಟ್ಟೆ ಒಗೆಯೋ ಮಷೀನ್ ಕಡೆ ಹೋಗಿಯಾಗಿತ್ತು. ಕೊನೆಕೊನೆಗೆ ಬಿಡಿಭಾಗ ಸಿಗೋದೇ ಕಷ್ಟವಾಯಿತು, ಹಳೇ ಪಿಸ್ತೂಲುಗಳು ಕೈಕೊಡುತ್ತಿವೆ ಅನ್ನೋ ದೂರು ಪತ್ರಿಕೆಗಳಿಗೂ ಬಂತು. ಹೊಸದು ಕೊಳ್ಳೋ ಆದೇಶ ಆದದ್ದು 2022ರಲ್ಲಿ. ಎಪ್ಪತ್ತೇಳು ವರ್ಷ! ಆ ಪಿಸ್ತೂಲಿನ ಗಟ್ಟಿತನಕ್ಕೆ ಇದು ಸರ್ಟಿಫಿಕೇಟು, ಒಪ್ಪೋಣ. ಆದರೆ ಯುದ್ಧಭೂಮಿಯಲ್ಲಿ ನಿಂತ ಸೈನಿಕನಿಗೆ ಗಟ್ಟಿತನದ ಸರ್ಟಿಫಿಕೇಟು ಬೇಕಿಲ್ಲ. ಒಂದು ಹೊಸ ಸ್ಪ್ರಿಂಗ್ ಬೇಕು.

ಈಗ ನಮ್ಮ ಮನೆಗೆ ಬರೋಣ.

ಕೋಲ್ಕತ್ತಾ ಹತ್ತಿರದ ಇಶಾಪುರದಲ್ಲಿ ರೈಫಲ್ ಫ್ಯಾಕ್ಟರಿ ಇದೆ. 1904ರಲ್ಲಿ ಬ್ರಿಟಿಷರ ಕಾಲದಲ್ಲಿ ಶುರುವಾದದ್ದು. 'ಪಿಸ್ತೂಲ್ ಆಟೋ 9 ಎಂಎಂ 1ಎ' ಅನ್ನೋ ಹೆಸರಿನಲ್ಲಿ ನಮ್ಮ ಹೈ-ಪವರ್ ತಯಾರಾದದ್ದು ಅಲ್ಲೇ, ಅದೂ ಟೊರೊಂಟೊದ ಇಂಗ್ಲಿಸ್ ಮಾದರಿಯಲ್ಲೇ. ಇನ್ನೊಂದು ವಿಶೇಷ ನೋಡಿ. ಬ್ರೌನಿಂಗ್ ಬಿಟ್ಟುಹೋದ ಪಿಸ್ತೂಲನ್ನು ಮುಗಿಸಿದ ಅದೇ ಸೈವ್ ಮುಂದೆ ಎಫ್‌ಎಎಲ್ ಅನ್ನೋ ರೈಫಲ್ ವಿನ್ಯಾಸ ಮಾಡಿದರು. ನಮ್ಮ ಜವಾನರು ದಶಕಗಟ್ಟಲೆ ಹೆಗಲ ಮೇಲೆ ಹೊತ್ತ ಎಸ್‌ಎಲ್‌ಆರ್ ರೈಫಲ್ ಅದೇ ಎಫ್‌ಎಎಲ್ ಕುಟುಂಬದ್ದು, ತಯಾರಾದದ್ದೂ ಇದೇ ಇಶಾಪುರದಲ್ಲಿ. ನಿಮ್ಮ ಊರಿನಲ್ಲಿ ನಿವೃತ್ತ ಯೋಧರಿದ್ದರೆ ಎಸ್‌ಎಲ್‌ಆರ್ ಅಂತ ಹೇಳಿ ನೋಡಿ, ಅವರ ಮುಖ ಅರಳುತ್ತೆ. ಲೀಜ್‌ನ ಒಬ್ಬ ಮನುಷ್ಯನ ಕೈಬರಹ ನಮ್ಮ ಸೈನಿಕನ ಸೊಂಟದಲ್ಲೂ ಇತ್ತು, ಹೆಗಲಲ್ಲೂ ಇತ್ತು.

ಕೆನಡಾಕ್ಕೂ ನಮಗೂ ಇದ್ದ ವ್ಯತ್ಯಾಸ ಇಷ್ಟೇ. ಅವರು ಪಿಸ್ತೂಲನ್ನು ಉಳಿಸಿಕೊಂಡರು, ಕಾರ್ಖಾನೆಯನ್ನು ಕಳಕೊಂಡರು. ನಾವು ಪಿಸ್ತೂಲಿನ ಜೊತೆಗೆ ಅದನ್ನು ಮಾಡೋದನ್ನೂ ಕಲಿತೆವು. ಮಾಡೋದು ಗೊತ್ತಿದ್ದವನಿಗೆ ಬಿಡಿಭಾಗದ ಚಿಂತೆ ಇರಲ್ಲ.

ಒಂದು ಎಚ್ಚರಿಕೆಯ ಮಾತು ಹೇಳಲೇಬೇಕು. ಮನೆಯಲ್ಲಿ ತಾತನ ಕಾಲದ ಪಿಸ್ತೂಲಿದೆ, ಇದನ್ನು ಓದಿ ನಾನೂ ಜೀವ ಕೊಡ್ತೀನಿ ಅಂತ ಯಾರೂ ಹೊರಡಬೇಡಿ. ಅಮೆರಿಕದ ಕಾನೂನು ಬೇರೆ, ನಮ್ಮದು ಬೇರೆ. 1959ರ ಶಸ್ತ್ರಾಸ್ತ್ರ ಕಾಯ್ದೆ ಪ್ರಕಾರ ಪರವಾನಗಿ ಇಲ್ಲದೆ ಬಂದೂಕು ಇಟ್ಟುಕೊಳ್ಳೋದಷ್ಟೇ ಅಲ್ಲ, ಮಾಡೋದು, ಮಾರೋದು, ರಿಪೇರಿ ಮಾಡೋದೂ ಅಪರಾಧ. 9 ಎಂಎಂ ಅಂತೂ ಸಾಮಾನ್ಯ ನಾಗರಿಕರಿಗೆ ನಿಷೇಧಿತ. ಹಳೆಯದೇನಾದರೂ ಸಿಕ್ಕಿದರೆ ನೇರವಾಗಿ ಪೊಲೀಸ್ ಠಾಣೆಗೆ ತಿಳಿಸಿ.

ಹಾಗಾದರೆ ಈ ಕಥೆ ನಮಗ್ಯಾಕೆ? ಯಾಕಂದ್ರೆ ಇದು ಬರೀ ಪಿಸ್ತೂಲಿನ ಕಥೆ ಅಲ್ಲ. ನಮ್ಮ ದೇಶ ಇವತ್ತು ವಿಮಾನ, ಟ್ಯಾಂಕ್, ತೋಪು ಎಲ್ಲವನ್ನೂ ಕೊಳ್ಳುತ್ತಿದೆ. ಪ್ರತಿ ಒಪ್ಪಂದ ಆದಾಗಲೂ ನಾವು ಟಿವಿಯವರು ಕೂಗಿ ಹೇಳೋದು ಎರಡೇ ಅಂಕಿ. ಎಷ್ಟು ಬಂತು, ಎಷ್ಟು ಕೋಟಿ ಆಯ್ತು. ನಾನೂ ಅದನ್ನೇ ಹೇಳಿದ್ದೀನಿ. ಕೇಳಬೇಕಾದ ಮೂರನೇ ಪ್ರಶ್ನೆ ಒಂದಿದೆ. ಮೂವತ್ತು ವರ್ಷ ಆದ ಮೇಲೆ, ಮಾರಿದವನು ಬಾಗಿಲು ಹಾಕಿದ ಮೇಲೆ, ಇದರ ಸ್ಪ್ರಿಂಗ್ ಎಲ್ಲಿ ಸಿಗುತ್ತೆ? ಡ್ರಾಯಿಂಗ್ ಯಾರ ಹತ್ತಿರ ಇದೆ? ಅಳತೆ ನೋಡೋ ಗೇಜ್ ಯಾರ ಕಪಾಟಿನಲ್ಲಿದೆ?

ಬ್ರೌನಿಂಗ್ ಸತ್ತಾಗ ಸೈವ್ ಇದ್ದರು. ಬೆಲ್ಜಿಯಂ ಬಿದ್ದಾಗ ಟೊರೊಂಟೊ ಇತ್ತು. ಟೊರೊಂಟೊ ಮುಚ್ಚಿದಾಗ ಇಶಾಪುರ ಬಂತು. ಎಫ್‌ಎನ್ ಕೈಬಿಟ್ಟಾಗ ಬೇರೆ ಯಾರೋ ಎತ್ತಿಕೊಂಡರು. ಪ್ರತಿ ಸಲವೂ ಉಳಿಸಿದ್ದು ಒಂದೇ, ಒಬ್ಬನ ಅಳತೆಯನ್ನು ಇನ್ನೊಬ್ಬ ಜೋಪಾನವಾಗಿ ಇಟ್ಟುಕೊಂಡಿದ್ದ.

ಗಡಾಫಿಯ ಪಿಸ್ತೂಲಿಗೆ ಚಿನ್ನ ಬಳಿದಿದ್ದರು. ಅದರಿಂದ ಪಿಸ್ತೂಲಿನ ಆಯಸ್ಸು ಒಂದು ದಿನವೂ ಹೆಚ್ಚಾಗಲಿಲ್ಲ, ಗಡಾಫಿಯದ್ದೂ ಹೆಚ್ಚಾಗಲಿಲ್ಲ.